ಕಾಣುವ ಕನ್ನಡ, ಕೇಳದ ಕನ್ನಡ

ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಬಂದ ಮೇಲೆ ಕಲಬುರಗಿಯಲ್ಲಿ ಸರ್ಕಾರಿ ನೌಕರಿಯ ಆಸೆಯಿಂದ ಓದುವವರ ನಡುವೆ ದೃಷ್ಟಿದೋಷವುಳ್ಳ ಯುವಕ ಯುವತಿಯರೂ ಇದ್ದಾರೆ. ಅವರ ಓದು ನಡೆಯುವುದು ಪರದೆಯ ಬರಹವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶದಿಂದ. 1995ರಲ್ಲಿ ವಿಂಡೋಸ್‌ಗೆ ಬಂದ ಜಾಸ್ ದುಬಾರಿಯಾಗಿತ್ತು. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತ. ಅದರ ಜೊತೆಗೆ ಬರುವ, ಪಠ್ಯವನ್ನು ದನಿಯಾಗಿಸುವ ಇಸ್ಪೀಕ್ ಕನ್ನಡವನ್ನೂ ಓದುತ್ತದೆ.

ಓದಿಸಿಕೊಳ್ಳಲು ಬರಹ ಸಿದ್ಧವಿರಬೇಕಷ್ಟೆ. ಕನ್ನಡ ಎಡವಿದ್ದು ಇಲ್ಲೇ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ತನ್ನದೇ ಸಂಕೇತ ಕೊಡುವ ಜಾಗತಿಕ ಮಾನದಂಡವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೂ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ವರ್ಷಗಟ್ಟಲೆ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳೇ ನಡೆದವು. ಅವುಗಳಲ್ಲಿ ಬೆರಳಚ್ಚಾದ ಪುಟ ಕಣ್ಣಿಗೆ ಅಚ್ಚ ಕನ್ನಡ. ಕಡತದೊಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನೇ ಒದರುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕದ ಪಿಡಿಎಫ್ ಬರೀ ಚಿತ್ರ, ಅಲ್ಲಿ ದನಿಯೇ ಹೊರಡದು. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವಾದ ಒಸಿಆರ್‌ನಿಂದ ಅದನ್ನು ಪಠ್ಯವಾಗಿಸಬಹುದು. ಆದರೆ ಒತ್ತಕ್ಷರಗಳಲ್ಲಿ ಅದು ತಪ್ಪುತ್ತದೆ, ಮನುಷ್ಯರು ಕೂತು ತಿದ್ದಲೇಬೇಕು. ‘ಡಿಜಿಟಲ್ ಗ್ರಂಥಾಲಯ’ ಎಂದು ಹೆಮ್ಮೆಪಡುವಾಗ ಈ ತಿದ್ದುವ ಕೆಲಸಕ್ಕೆ ಹಣವಿಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ನಿಯಮಗಳಿಗೇನೂ ಬರವಿರಲಿಲ್ಲ. ಎಲ್ಲರೂ ಬಳಸಬಲ್ಲ ಜಾಲತಾಣಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲೇ ಬಂತು; ಕೇಂದ್ರ ಸರ್ಕಾರ ತನ್ನ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಮಾಡಿತು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ದೃಷ್ಟಿದೋಷವುಳ್ಳವರಿಗಾಗಿ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತಂದು ದೇಶಗಳ ನಡುವೆ ಹಂಚಿಕೊಳ್ಳಲು ಅನುವು ಮಾಡುವ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಬಂತು. ಇಷ್ಟಾಗಿಯೂ ಕಾಯ್ದೆಯಡಿಯ ಮಾನದಂಡಗಳು ಬಹುಪಾಲು ಸಲಹೆಯ ಮಟ್ಟದಲ್ಲೇ ಉಳಿದವು. ಅದಕ್ಕೇ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ನಿಯಮಗಳಲ್ಲಿ ಮಾನದಂಡಗಳನ್ನು ಹೇಳುವ ನಿಯಮ 15(1)ನ್ನು ರದ್ದುಪಡಿಸಿ, ಕಡ್ಡಾಯ ಮಾನದಂಡ ರೂಪಿಸುವಂತೆ ಹೇಳಿತು. 2025ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿಸಿತು.

ಹಾಗಾಗಿ ನಮ್ಮ ಗ್ರಂಥಾಲಯಗಳು ಇನ್ನು ದಯೆಯ ಮಾತಾಡುವಂತಿಲ್ಲ. ಹೊಸ ಜಾಲತಾಣ ಮಾಡಿಸುವಾಗಲೇ ಒಪ್ಪಂದದಲ್ಲಿ ಷರತ್ತು ಬರೆಯಲಿ: ಪ್ರತಿ ಗುಂಡಿಗೂ ಹೆಸರು, ಚಿತ್ರಕ್ಕೆ ವಿವರಣೆ, ಬಳಸುವವರು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾಗೆ ದನಿಯ ಆಯ್ಕೆ, ಕನ್ನಡವೆಲ್ಲ ಯೂನಿಕೋಡ್‌ನಲ್ಲಿ. ಬಿಲ್ ಪಾವತಿಸುವ ಮೊದಲು ಸ್ಕ್ರೀನ್ ರೀಡರ್ ಬಳಸುವ ಓದುಗರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ, ಕೀಲಿಮಣೆಯಿಂದಲೇ ಪುಸ್ತಕವೊಂದನ್ನು ಹುಡುಕಿ ತೆರೆಯಲು ಹೇಳಲಿ.