ಯೋಗಕ್ಕೆ ಯಾವ ಹೊತ್ತು? ಮೊದಲು ಊಟದ ಹೊತ್ತು ಹೇಳಿ

ತರಗತಿಗೆ ಹೊಸದಾಗಿ ಸೇರುವವರದ್ದು ಒಂದೇ ಪ್ರಶ್ನೆ: "ಬ್ರಾಹ್ಮೀ ಮುಹೂರ್ತದಲ್ಲೇ ಮಾಡಬೇಕಲ್ವಾ?" ಮರುದಿನದಿಂದಲೇ ನಾಲ್ಕಕ್ಕೆ ಅಲಾರಂ. ರಾತ್ರಿ ಊಟ ಮಾತ್ರ ಹತ್ತೂವರೆಗೇ, ಮಲಗುವುದು ಹನ್ನೆರಡಕ್ಕೇ. ಎರಡು ವಾರದಲ್ಲಿ ಮ್ಯಾಟ್ ಸುರುಳಿ ಸುತ್ತಿ ಬೀರುವಿನ ಹಿಂದೆ ಸೇರುತ್ತದೆ.

ಲೆಕ್ಕವನ್ನಾದರೂ ಸರಿಯಾಗಿ ಹಾಕಬೇಡವೇ? ಮುಹೂರ್ತವೆಂದರೆ 48 ನಿಮಿಷ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುತ್ತದೆ. ಜನವರಿ ಕೊನೆಯಲ್ಲಿ ಬೆಂಗಳೂರಿನ ಸೂರ್ಯೋದಯ ಸುಮಾರು 6.45ಕ್ಕೆ, ಅಂದರೆ ಮುಹೂರ್ತ ಶುರುವಾಗುವುದೇ 5.10ರ ಹೊತ್ತಿಗೆ. ನಾಲ್ಕಕ್ಕೆ ಎದ್ದು ನಿದ್ದೆ ಕೆಡಿಸಿಕೊಂಡದ್ದಷ್ಟೇ ಲಾಭ. ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆಯೂ ಕುಂಭಕವನ್ನು, ಅಂದರೆ ಉಸಿರು ಹಿಡಿದಿಡುವುದನ್ನು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಡುರಾತ್ರಿ ಹೀಗೆ ನಾಲ್ಕು ಹೊತ್ತು ಅಭ್ಯಾಸ ಮಾಡಲು ಹೇಳುತ್ತದೆ. ಮುಂಜಾನೆ ಒಂದೇ ಹೊತ್ತು ಎಂಬ ಹಟ ಅಲ್ಲಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕೊನೆಯ ಸಲ ಏನು ತಿಂದಿರಿ, ಯಾವಾಗ ತಿಂದಿರಿ? ಅನ್ನ, ಸಾರು, ಪಲ್ಯದ ಪೂರ್ತಿ ಊಟವಾದರೆ ಮೂರೂವರೆಯಿಂದ ನಾಲ್ಕು ಗಂಟೆ ಬಿಡಬೇಕು. ಎರಡು ಇಡ್ಲಿಗೆ ಎರಡು ಗಂಟೆ. ಕಾಫಿಗೆ ಮುಕ್ಕಾಲು ಗಂಟೆ. ತುಪ್ಪ ಸುರಿದ ಹೋಳಿಗೆ, ಬಿರಿಯಾನಿ ಆದ ದಿನ ಆಸನವನ್ನು ಬಿಟ್ಟೇಬಿಡಿ. ಜಿಡ್ಡು ಹೊಟ್ಟೆಯಿಂದ ಕೆಳಗಿಳಿಯಲು ಬಹಳ ಹೊತ್ತು ಬೇಕು. "ಸ್ವಲ್ಪವೇ ತಿಂದಿದ್ದು" ಎಂಬ ಮಾತು ದಿನಾ ಕೇಳಿಬರುತ್ತದೆ. ಆ ಸ್ವಲ್ಪ ಎಂದರೆ ಸಂಜೆ ಐದಕ್ಕೆ ಆಫೀಸಿನ ಕ್ಯಾಂಟೀನಿನ ಎರಡು ಬೋಂಡ, ತರಗತಿ ಆರಕ್ಕೆ. ತುಂಬಿದ ಹೊಟ್ಟೆಯಲ್ಲಿ ಕಾಲು ಮೇಲೆತ್ತಿ ಹೆಗಲ ಮೇಲೆ ನಿಲ್ಲುವ ಸರ್ವಾಂಗಾಸನ ಹಾಕಿದರೆ ಹುಳಿ ಗಂಟಲಿಗೆ ಬರುತ್ತದೆ, ಕೂತು ಸೊಂಟ ತಿರುಚುವ ಅರ್ಧಮತ್ಸ್ಯೇಂದ್ರಾಸನದಲ್ಲಿ ಹೊಟ್ಟೆ ಹಿಂಡಿದಂತಾಗುತ್ತದೆ, ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಬಿಡುವ ಕಪಾಲಭಾತಿಯಲ್ಲಿ ವಾಕರಿಕೆ. ಬೈಸಿಕೊಳ್ಳುವುದು ಮಾತ್ರ ಆಸನ! ಊಟವಾದ ಮೇಲೆ ಕೂರಬಹುದಾದದ್ದು ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ, ಅದೂ ಮಂಡಿ ನೋವಿಲ್ಲದವರು, ಐದು ಹತ್ತು ನಿಮಿಷ.

ಮುಂಜಾನೆಗೆ ಜನ ಇಷ್ಟು ಒಲಿಯುವುದಕ್ಕೆ ದೊಡ್ಡ ಕಾರಣ ಇದೇ, ಹೊಟ್ಟೆ ತಾನಾಗಿ ಖಾಲಿ ಇರುತ್ತದೆ. ಆದರೆ ಬೆನ್ನಿನ ಸ್ಥಿತಿ ಬೇರೆ. ಮಲಗಿದ್ದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುವುದು ಅದಕ್ಕೇ. ಎದ್ದ ಕೂಡಲೇ ಪಾದಹಸ್ತಾಸನಕ್ಕೆ ಬಗ್ಗಿದರೆ ಅವುಗಳ ಮೇಲೆ ಹೆಚ್ಚು ಒತ್ತಡ. ಮುಖ ತೊಳೆದು ಸ್ವಲ್ಪ ಓಡಾಡಿ, ನೆಟ್ಟಗೆ ನಿಲ್ಲುವ ತಾಡಾಸನ, ಬೆಕ್ಕಿನಂತೆ ಬೆನ್ನು ಏರಿಳಿಸುವ ಮಾರ್ಜಾಲಾಸನಗಳಲ್ಲಿ ಹತ್ತು ನಿಮಿಷ ಕಳೆಯಿರಿ. ಕಾಲು ಚಾಚಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನ ಕೊನೆಗಿರಲಿ, ಸೊಂಟನೋವು ಇದ್ದವರು ಎದ್ದು ಒಂದು ಗಂಟೆಯಾಗುವವರೆಗೆ ಮುಂದೆ ಬಾಗುವುದೇ ಬೇಡ.

ಸಂಜೆ ಮೈಯ ಬಿಸಿ ಏರಿರುತ್ತದೆ, ಮಾಂಸಖಂಡಗಳು ಮಾತು ಕೇಳುತ್ತವೆ. ಬೆಳಿಗ್ಗೆ ಬೆರಳು ಕಾಲಿಗೆ ತಾಗದವರು ಸಂಜೆ ಸಲೀಸಾಗಿ ಮುಟ್ಟುವುದುಂಟು. ಒಂದೂವರೆಗೆ ಊಟ, ನಾಲ್ಕಕ್ಕೆ ಬೇಕಾದರೆ ಒಂದು ಬಾಳೆಹಣ್ಣು, ಆರಕ್ಕೆ ಅಭ್ಯಾಸ: ಇದು ಆಫೀಸಿಗೆ ಹೋಗುವವರಿಗೆ ಒಪ್ಪುವ ಕ್ರಮ. ರಾತ್ರಿ ಒಂಬತ್ತಾದ ಮೇಲೆ ತಿದಿಯಂತೆ ರಭಸದಿಂದ ಉಸಿರಾಡುವ ಭಸ್ತ್ರಿಕಾ, ಬಿರುಸಿನ ಸೂರ್ಯನಮಸ್ಕಾರ ಬೇಡ, ಹಲವರಿಗೆ ನಿದ್ದೆ ಹಾರಿಹೋಗುತ್ತದೆ. ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ, ಶವಾಸನ ಮಾಡಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ಈ ಮಾತನ್ನು ಹಾಗೇ ಪಾಲಿಸಬಾರದು. ಸಕ್ಕರೆ ಏಕಾಏಕಿ ಇಳಿದೀತು. ಯಾವಾಗ ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಿ. ಅಭ್ಯಾಸದ ನಡುವೆ ಕೈ ನಡುಗಿದರೆ, ಬೆವರಿದರೆ ಅಲ್ಲೇ ನಿಲ್ಲಿಸಿ, ಸಕ್ಕರೆ ಬಾಯಿಗೆ ಹಾಕಿಕೊಂಡು ಪಕ್ಕದವರಿಗೆ ತಿಳಿಸಿ.