ಬೀಜವಾಗಿ ಇಡಬೇಕೆ, ಪುಡಿಯಾಗಿ ಇಡಬೇಕೆ?

ಶನಿವಾರ ಆಕಾಶ ತಿಳಿಯಾಗಿದ್ದರೆ ಮಡಿಕೇರಿಯಲ್ಲಿ ಕಾರುಗಳ ಸಾಲು. ಜಡಿಮಳೆ ಹಿಡಿದು ಘಾಟಿಯಲ್ಲಿ ಮಣ್ಣು ಜರಿದರೆ ಪೇಟೆಯೇ ಖಾಲಿ. ಹಾಗಿರುವಾಗ ಕಾಫಿಪುಡಿ ಅಂಗಡಿಯವರು ಶುಕ್ರವಾರವೇ ಎಷ್ಟು ಹುರಿದು ಪುಡಿ ಮಾಡಿಡಬೇಕು?

ಒಂದು ಕಿಲೋ ಮಾರಿದರೆ 150 ರೂಪಾಯಿ ಲಾಭ, ಮಾರದೆ ಉಳಿದರೆ 50 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. 150ನ್ನು ಎರಡರ ಮೊತ್ತವಾದ 200ರಿಂದ ಭಾಗಿಸಿದರೆ 0.75. ಅಂದರೆ ನಾಲ್ಕು ವಾರಾಂತ್ಯಗಳಲ್ಲಿ ಮೂರರಲ್ಲಿ ಬಂದವರಿಗೆಲ್ಲ ಸಾಲುವಷ್ಟು ಪುಡಿ ಪ್ರತಿ ಶುಕ್ರವಾರ ಇದ್ದರೆ ಸಾಕು. ನಾಲ್ಕನೆಯದರಲ್ಲಿ ಕೆಲವರು ಬರಿಗೈಯಲ್ಲಿ ಮರಳುತ್ತಾರೆ. ನಾಳೆ ರದ್ದಿಯಾಗುವ ಪತ್ರಿಕೆಯನ್ನು ಇವತ್ತು ಎಷ್ಟು ಕೊಳ್ಳಬೇಕೆಂಬ ಪೇಪರ್ ಹುಡುಗನ ಲೆಕ್ಕವೂ ಇದೇ.

ಆದರೆ ಪುಡಿ ಮಾಡಿಡಲೇಬೇಕೆಂದು ಯಾರು ಹೇಳಿದರು? ಪುಡಿಯ ಘಮ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಚೆನ್ನಾಗಿ ಒಣಗಿದ, ಹುರಿಯದ ಹಸಿರು ಬೀಜ ತಿಂಗಳುಗಟ್ಟಲೆ ಕೆಡದು. ತೇವ ಸುಮಾರು ಶೇ. 11ಕ್ಕೆ ಇಳಿಯುವವರೆಗೆ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಕಣದಲ್ಲಿ ಹರವಿ ಕೈಯಾಡಿಸುವುದು ಇದಕ್ಕೇ. ದಾಸ್ತಾನು ಬೀಜವಾಗಿಯೇ ಇರಲಿ, ಜನ ಬಂದಂತೆ ಹುರಿಯಲಿ. ಚಿಕೋರಿ ಬೆರೆಸಬೇಕೋ ಬೇಡವೋ ಎಂಬುದೂ ಆಗಲೇ ತೀರ್ಮಾನವಾಗಲಿ. ಪೂರೈಕೆ ಸರಪಳಿಯ ತಜ್ಞರು ಇದನ್ನು ಮುಂದೂಡಿಕೆ ಎನ್ನುತ್ತಾರೆ. ಇಟಲಿಯ ಬೆನೆಟನ್ ಕಂಪನಿ ಸ್ವೆಟರುಗಳನ್ನು ಮೊದಲು ಬಣ್ಣವಿಲ್ಲದೆ ಹೆಣೆದು, ಯಾವ ಬಣ್ಣ ಓಡುತ್ತಿದೆ ಎಂದು ನೋಡಿ ಅದ್ದುತ್ತಿದ್ದದ್ದೂ ಇದೇ ಉಪಾಯ.

ಒಣಗಿದ ಚೆರಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟ ಬೀಜ ಹಡಗೇರಿ ಯುರೋಪಿಗೆ ಹೋಗುವುದೂ ಹೀಗೆಯೇ: ದೂರದ ಹಾದಿ ನಿಧಾನ, ಅಗ್ಗ, ಹುರಿಯುವುದು ಮಾತ್ರ ಕುಡಿಯುವವರ ಹತ್ತಿರ, ಬೇಗ. ಆದರೆ ಹಾದಿಯೇ ಉದ್ದವಾದರೆ? 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಶುರುವಾದ ಮೇಲೆ ಹಲವು ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋದವು. ಮುಂಜಾಗ್ರತೆಯ ದಾಸ್ತಾನು ಪ್ರಯಾಣದ ದಿನಗಳ ವರ್ಗಮೂಲದಂತೆ ಬೆಳೆಯುತ್ತದೆ: 25 ದಿನ 36 ಆದರೆ 5 ಚೀಲದ ಜಾಗದಲ್ಲಿ 6 ಬೇಕು. ಹಡಗು ಯಾವ ದಿನ ಮುಟ್ಟುತ್ತದೆಂಬುದೇ ಖಾತ್ರಿಯಿಲ್ಲದಿದ್ದರೆ ಇನ್ನೂ ಹೆಚ್ಚು.

ಈ ಕಾಯುವಿಕೆಯ ಖರ್ಚು ಯಾರದು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಜನ ಕಾಫಿ ಕುಡಿಯುವುದು ದಿನಾ, ಕೊಡಗಿನಲ್ಲಿ ಕುಯ್ಲು ವರ್ಷಕ್ಕೊಮ್ಮೆ. ಬೇಡಿಕೆ ಏರಿತೆಂದು ಇವತ್ತು ಗಿಡ ನೆಟ್ಟರೆ ಫಸಲು ಮೂರು–ನಾಲ್ಕು ವರ್ಷಕ್ಕೆ; ಅದೂ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ. ಹಾಗಾಗಿ ಸರಪಳಿಯಲ್ಲಿ ಯಾರಾದರೊಬ್ಬರು ತಿಂಗಳುಗಟ್ಟಲೆ ಚೀಲ ಕಾಯಲೇಬೇಕು. ಗೋದಾಮು, ಕೈಯಲ್ಲಿ ಕಾಸು ಎರಡೂ ಇದ್ದವರು ಒಳ್ಳೆಯ ಬೆಲೆಗೆ ಕಾದು ಕೂರುತ್ತಾರೆ. ಆಳುಗಳ ಕೂಲಿ, ಗೊಬ್ಬರದ ಸಾಲ ತೀರಿಸಬೇಕಾದ ಸಣ್ಣ ಬೆಳೆಗಾರರು ಕಣದಿಂದಲೇ ಚೆರಿ ತೂಗಿ ಕೊಟ್ಟುಬಿಡುತ್ತಾರೆ.