ವಿದ್ಯುತ್ತು ಬಂದ ಮೇಲೂ ಹಡಗಿನಲ್ಲಿ ಉಳಿದ ದೀಪದಾಳು

ಟೈಟಾನಿಕ್ ಹಡಗಿನಲ್ಲಿ ತಲಾ 400 ಕಿಲೋವಾಟ್ ಸಾಮರ್ಥ್ಯದ ನಾಲ್ಕು ವಿದ್ಯುತ್ ಜನಕಗಳಿದ್ದವು. ಅವು ಕೈಕೊಟ್ಟರೆ ಇರಲೆಂದು ತಲಾ 30 ಕಿಲೋವಾಟ್‌ನ ಇನ್ನೆರಡು ಇದ್ದವು. ಹೀಗಿದ್ದೂ ಅದರ ಸಿಬ್ಬಂದಿಯಲ್ಲಿ ಸ್ಯಾಮ್ಯುಯೆಲ್ ಹೆಮಿಂಗ್ ಎಂಬ ‘ಲ್ಯಾಂಪ್ ಟ್ರಿಮ್ಮರ್’ ಇದ್ದರು. ಎಣ್ಣೆ ದೀಪಗಳ ಬತ್ತಿ ಕತ್ತರಿಸುವುದು, ಗಾಜು ಒರೆಸುವುದು, ಎಣ್ಣೆ ತುಂಬುವುದು, ಹೊತ್ತು ಮುಳುಗುವಾಗ ದೀಪಗಳನ್ನು ಅವುಗಳ ಜಾಗದಲ್ಲಿಟ್ಟು ಮೇಲಧಿಕಾರಿಗೆ ತಿಳಿಸುವುದು ಈ ಹುದ್ದೆಯ ಕರ್ತವ್ಯ. 1912ರ ಏಪ್ರಿಲ್ 14ರ ಸಂಜೆ ಸುಮಾರು ಏಳೂಕಾಲಿಗೆ ಹೆಮಿಂಗ್ ಮಾಡಿದ್ದೂ ಅದನ್ನೇ. ದೀಪಗಳನ್ನೆಲ್ಲ ಇಟ್ಟಾಯಿತೆಂದು ಅವರು ವರದಿ ಒಪ್ಪಿಸಿದಾಗ ಅಧಿಕಾರಿ ಮರ್ಡಾಕ್ ಇನ್ನೊಂದು ಕೆಲಸ ಹೇಳಿದರು: ಮಂಜುಗಡ್ಡೆಯ ಪ್ರದೇಶ ಸಮೀಪಿಸುತ್ತಿದೆ, ಮುಂಭಾಗದ ಕಿಂಡಿಯಿಂದ ಬೆಳಕು ಹೊರಸೂಸುತ್ತಿದೆ, ಅದನ್ನು ಮುಚ್ಚಿಸಬೇಕು. ಹಡಗು ಮುಳುಗುವ ಹೊತ್ತಿಗೆ ಜೀವರಕ್ಷಕ ದೋಣಿಗಳಿಗೆ ಬೇಕಾದ ದೀಪಗಳನ್ನು ಹೊತ್ತಿಸಿ, ಒಂದೊಂದು ಕೈಯಲ್ಲಿ ಎರಡರಂತೆ ನಾಲ್ಕು ನಾಲ್ಕಾಗಿ ಮೇಲಕ್ಕೆ ತಂದವರೂ ಅವರೇ. ಹೆಮಿಂಗ್ ಈಜಿ ದೋಣಿಯೊಂದನ್ನು ಸೇರಿ ಬದುಕುಳಿದರು, ವಿಚಾರಣೆಯಲ್ಲಿ ಸಾಕ್ಷಿ ನುಡಿದರು. ವಿದ್ಯುತ್ತಿನಿಂದ ಜಗಮಗಿಸುತ್ತಿದ್ದ ಹಡಗಿಗೆ ಎಣ್ಣೆ ದೀಪದ ಆಳು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹಾಯಿಹಡಗುಗಳ ಕಾಲದಲ್ಲಿ ರಾತ್ರಿಯಿಡೀ ದೀಪ ಉರಿಸುವ ಕಟ್ಟುನಿಟ್ಟು ಇರಲಿಲ್ಲ. ಇನ್ನೊಂದು ಹಡಗು ಹತ್ತಿರ ಬಂದಾಗ ಲಾಟೀನು ಎತ್ತಿ ತೋರಿಸಿದರೆ ಸಾಕೆಂಬ ಭಾವನೆಯಿತ್ತು, ಎಣ್ಣೆಯ ಖರ್ಚಿನ ಲೆಕ್ಕಾಚಾರವೂ ಇತ್ತು. ಗಾಳಿಯ ಹಂಗಿಲ್ಲದೆ ಯಾವ ದಿಕ್ಕಿನಿಂದಲಾದರೂ ನುಗ್ಗಿಬರುವ ಉಗಿಹಡಗುಗಳು ಹೆಚ್ಚಿದಂತೆ ಡಿಕ್ಕಿಗಳೂ ಹೆಚ್ಚಿದವು. 1848ರಲ್ಲಿ ಬ್ರಿಟನ್ನಿನ ನೌಕಾ ಆಡಳಿತವು ಉಗಿಹಡಗುಗಳು ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಮೇಲೆ ಕಂಬಕ್ಕೆ ಬಿಳಿ ದೀಪ ಇಡಬೇಕೆಂದು ವಿಧಿಸಿತು. ಬದಿಯ ದೀಪಗಳ ನಿಯಮ 1858ರಲ್ಲಿ ಹಾಯಿಹಡಗುಗಳಿಗೂ ಅನ್ವಯವಾಯಿತು; 1863ರಲ್ಲಿ ಫ್ರಾನ್ಸ್ ಕೂಡ ಒಪ್ಪಿದ ನಿಯಮಾವಳಿ ಬಂದ ಮೇಲೆ ಇತರ ದೇಶಗಳೂ ಅದನ್ನೇ ಅನುಸರಿಸತೊಡಗಿದವು. ಕಂಬದ ದೀಪ ಐದು ಮೈಲಿಗೆ, ಬದಿಯ ದೀಪ ಎರಡು ಮೈಲಿಗೆ ಕಾಣಬೇಕು. ಕೆಂಪು ದೀಪ ಬಲಗಡೆಗೂ ಹಸಿರು ದೀಪ ಎಡಗಡೆಗೂ ಕಾಣದಂತೆ ಮುಂದಕ್ಕೆ ಮೂರು ಅಡಿ ಚಾಚಿದ ಮರೆಹಲಗೆ ಇರಬೇಕು ಎಂಬಷ್ಟು ಸೂಕ್ಷ್ಮ ವಿವರಗಳು ಅದರಲ್ಲಿದ್ದವು.

ದೀಪದಾಳಿನ ಸ್ಥಾನವನ್ನು ಭದ್ರಪಡಿಸಿದ್ದು ಕತ್ತಲೆಗಿಂತ ಹೆಚ್ಚಾಗಿ ಕೋರ್ಟು ಎಂಬುದು ನನ್ನ ಅಭಿಪ್ರಾಯ. 1873ರ ಬ್ರಿಟಿಷ್ ವಾಣಿಜ್ಯ ನೌಕಾ ಕಾಯಿದೆಯ ಪ್ರಕಾರ, ಡಿಕ್ಕಿಯಾದಾಗ ನಿಯಮ ಮುರಿದಿದ್ದ ಹಡಗನ್ನು, ಹಾಗೆ ಮುರಿಯುವುದು ಅನಿವಾರ್ಯವಾಗಿತ್ತೆಂದು ಸಾಬೀತುಪಡಿಸದ ಹೊರತು, ತಪ್ಪಿತಸ್ಥ ಹಡಗೆಂದೇ ಪರಿಗಣಿಸಲಾಗುತ್ತಿತ್ತು. ಮಸಿ ಹಿಡಿದ ಒಂದು ಹಸಿರು ಗಾಜು ಹಡಗಿನ ಮಾಲೀಕನಿಗೆ ಇಡೀ ಹಡಗಿನ ಬೆಲೆ ತೆರಿಸಬಹುದಾದ ಸ್ಥಿತಿ ಅದು. 1911ರ ಕಾಯಿದೆಯು ಈ ಪೂರ್ವಗ್ರಹಿಕೆಯನ್ನು ತೆಗೆದುಹಾಕುವವರೆಗೂ, ದೀಪಕ್ಕೆ ಹೊಣೆಗಾರನಾದ ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ವಿಮೆಯಷ್ಟೇ ಅಗತ್ಯವಾಗಿತ್ತು.

ಕೆಲಸವೂ ಹೊರಗಿನವರು ಊಹಿಸುವಷ್ಟು ಸುಲಭದ್ದಾಗಿರಲಿಲ್ಲ. ಬಣ್ಣದ ಗಾಜು ಬೆಳಕಿನ ಬಹುಪಾಲನ್ನು ತಾನೇ ನುಂಗುತ್ತದೆ, ಹಾಗಾಗಿ ಒಳಗಿನ ಜ್ವಾಲೆ ಕೊರತೆಯಿಲ್ಲದೆ ಉರಿಯಬೇಕು. ಚಪ್ಪಟೆ ಬತ್ತಿಯ ಕರಿಕಟ್ಟಿದ ಕುಡಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿ, ಎರಡು ಮೂಲೆಗಳನ್ನು ತುಸು ಸವರಬೇಕು. ಒಂದು ಎಳೆ ಮೇಲೆ ಉಳಿದರೂ ಜ್ವಾಲೆಗೆ ಕೊಂಬು ಮೂಡಿ, ಹೊಗೆಯೆದ್ದು, ಗಾಜು ಕಪ್ಪಾಗುತ್ತದೆ. ಸಾಸಿವೆಯ ಜಾತಿಗೆ ಸೇರಿದ ರೇಪ್ ಬೀಜದ ಎಣ್ಣೆ ಚಳಿಯಲ್ಲಿ ಗಟ್ಟಿಯಾಗಿ ಬತ್ತಿಗೇರುತ್ತಿರಲಿಲ್ಲ. ಸೀಮೆಎಣ್ಣೆ ಪ್ರಖರವಾಗಿ ಉರಿಯುತ್ತಿತ್ತು, ಆದರೆ ಬೆಂಕಿಯ ಅಪಾಯ ಹೆಚ್ಚು. ಆದ್ದರಿಂದ ಎಣ್ಣೆಯ ಡಬ್ಬಗಳು, ಬತ್ತಿಯ ಸುರುಳಿಗಳು, ಹಿತ್ತಾಳೆ ತಾಮ್ರದ ಲಾಟೀನುಗಳೆಲ್ಲ ಹಡಗಿನ ಮುಂಭಾಗದ ಪ್ರತ್ಯೇಕ ಕೋಣೆಯೊಂದರಲ್ಲಿ ಇರುತ್ತಿದ್ದವು. ದಿಕ್ಸೂಚಿಯ ಪುಟ್ಟ ದೀಪ, ಲಂಗರು ಹಾಕಿದಾಗ ಏರಿಸುವ ಗುಂಡುಗಾಜಿನ ದೀಪ ಎಲ್ಲವೂ ದೀಪದಾಳಿನ ಸುಪರ್ದಿಯಲ್ಲೇ. ರಾತ್ರಿ ಪಹರೆಯವನು ಗಂಟೆ ಬಾರಿಸಿ, ದೀಪಗಳು ಚೆನ್ನಾಗಿ ಉರಿಯುತ್ತಿವೆ ಎಂದು ಕೂಗುವ ರೂಢಿಯೂ ಇತ್ತು. ಜೊತೆಗಾರರು ಅವನನ್ನು ಹೆಸರು ಹಿಡಿದು ಕರೆಯುವ ಬದಲು ‘ಲ್ಯಾಂಪ್ಸ್’ ಎನ್ನುತ್ತಿದ್ದರು.

ಲಸ್ಕರರೆಂದು ಕರೆಯಲಾಗುತ್ತಿದ್ದ ಭಾರತೀಯ ನಾವಿಕರು ದುಡಿಯುತ್ತಿದ್ದ ಬ್ರಿಟಿಷ್ ಹಡಗುಗಳಲ್ಲಿ ಸಾರಂಗ (ನಾವಿಕರ ಮುಖಂಡ), ತಾಂಡೇಲರ (ಅವನ ಸಹಾಯಕರ) ಸಾಲಿನಲ್ಲಿ ಬರುವ ‘ಕಸಬ್’ ಉಗ್ರಾಣದ ಜೊತೆಗೆ ದೀಪಗಳನ್ನೂ ನೋಡಿಕೊಳ್ಳುತ್ತಿದ್ದ. ತಾಂಡೇಲ ಎಂಬುದು ನಮ್ಮ ಕರಾವಳಿಗೆ ಇಂದಿಗೂ ಪರಿಚಿತ ಹೆಸರು. ಕಸಬ್ ಮಾತ್ರ ಮರೆಯಾಗಿದ್ದಾನೆ.

1880ರಲ್ಲಿ ‘ಕೊಲಂಬಿಯಾ’ ಎಂಬ ಅಮೆರಿಕದ ಉಗಿಹಡಗಿಗೆ ಎಡಿಸನ್ನರ ವಿದ್ಯುತ್ ದೀಪಗಳನ್ನು ಅಳವಡಿಸಲಾಯಿತು. ಪ್ರಯಾಣಿಕರ ಕೋಣೆಗಳಿಗೆ ವಿದ್ಯುತ್ತು ಬೇಗನೆ ತಲುಪಿತು. ಕಂಬದ, ಬದಿಯ ಸಂಚಾರ ದೀಪಗಳ ವಿಷಯದಲ್ಲಿ ಮಾತ್ರ ನಾವಿಕರು ಅದನ್ನು ಬಹುಕಾಲ ಪೂರ್ತಿ ನಂಬಲಿಲ್ಲ. ಎಂಜಿನ್ ಕೋಣೆಗೆ ನೀರು ನುಗ್ಗಿದರೆ ಹಡಗಿನ ದೀಪವೆಲ್ಲ ಒಮ್ಮೆಲೇ ಆರುತ್ತದೆ, ಎಣ್ಣೆ ದೀಪ ಹಾಗೆ ಆರುವುದಿಲ್ಲ ಎಂಬ ಅವರ ವಾದದಲ್ಲಿ ಹುರುಳಿತ್ತು. ಹೀಗಾಗಿ ಎಣ್ಣೆಯ ಲಾಟೀನುಗಳು ಮೀಸಲು ದೀಪಗಳಾಗಿ ಉಳಿದವು, ಅವನ್ನು ಸಿದ್ಧವಾಗಿಡುವವನೂ ಉಳಿದ. ದೀಪದ ಕೆಲಸ ಕಡಿಮೆಯಾದಷ್ಟೂ ಹಗ್ಗ, ಬಣ್ಣ, ಕಂಬಿಗಳ ಉಗ್ರಾಣದ ಕೀಲಿ ಅವನ ಕೈಗೆ ಬಂತು; ಅನೇಕ ಬ್ರಿಟಿಷ್ ಹಡಗುಗಳಲ್ಲಿ 20ನೇ ಶತಮಾನದ ಮಧ್ಯಭಾಗ ಕಳೆದ ಮೇಲೂ ಬತ್ತಿ ಮುಟ್ಟದ ಲ್ಯಾಂಪ್ ಟ್ರಿಮ್ಮರ್‌ಗಳಿದ್ದರು.

ಬ್ಯಾಟರಿ, ತುರ್ತು ಜನಕ, ಜೋಡಿ ಬಲ್ಬು, ದೀಪ ಆರಿದ ಕೂಡಲೇ ಎಚ್ಚರಿಸುವ ಫಲಕ ಇವೆಲ್ಲ ಸಾಮಾನ್ಯವಾದ ಮೇಲೆ ಆ ಹುದ್ದೆಗೆ ನೆಪವೂ ಇಲ್ಲದಾಯಿತು. 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು 50 ಮೀಟರಿಗಿಂತ ಉದ್ದದ ಹಡಗಿನ ಬದಿಯ ದೀಪ ಮೂರು ಮೈಲಿಗೆ, ಕಂಬದ ದೀಪ ಆರು ಮೈಲಿಗೆ ಕಾಣಬೇಕೆನ್ನುತ್ತವೆ. ವಿದ್ಯುತ್ತಿನಿಂದ ಉರಿಯದ ದೀಪಗಳೂ ಸಾಧ್ಯವಾದ ಮಟ್ಟಿಗೆ ಈ ಪ್ರಖರತೆಯನ್ನು ಹೊಂದಿರಬೇಕೆಂಬ ಸೂಚನೆ ಅದೇ ನಿಯಮಗಳ ಅನುಬಂಧದಲ್ಲಿ ಉಳಿದುಕೊಂಡಿದೆ.